ಮೀನು ಬದುಕಿದರೆ ಸಾಕೆ?

ಕೈಗಾರಿಕೆಗಳಿಗೆ ಹೋಗುವ ರಾಸಾಯನಿಕದ ಪೀಪಾಯಿಗಳ ಮೇಲೆ ಕೆಂಪು ಚೌಕಟ್ಟಿನ ಒಂದು ಚಿತ್ರ ಕಾಣಸಿಗುತ್ತದೆ. ಎಲೆಯಿಲ್ಲದ ಒಂದು ಮರ, ಪಕ್ಕದಲ್ಲಿ ಸತ್ತು ಬಿದ್ದ ಒಂದು ಮೀನು. ಒಳಗಿರುವ ವಸ್ತು ಜಲಜೀವಿಗಳಿಗೆ ವಿಷ ಎಂದು ಹೇಳುವ ಅಂತರರಾಷ್ಟ್ರೀಯ ಗುರುತು ಅದು. ನೋಡಿದವರು ಮೀನಿಗೆ ಅಪಾಯವಿದೆ ಎಂದುಕೊಳ್ಳುವುದು ಸಹಜ. ಆದರೆ ಆ ಗುರುತು ಹಲವು ಸಲ ಪೀಪಾಯಿಗೆ ಅಂಟುವುದು ಮೀನಿನ ದೆಸೆಯಿಂದಲ್ಲ. ಚಿತ್ರದಲ್ಲೇ ಇಲ್ಲದ, ಬರಿಗಣ್ಣಿಗೆ ಒಂಟಿಯಾಗಿ ಕಾಣದ ಪಾಚಿಯೊಂದು ಪರೀಕ್ಷೆಯಲ್ಲಿ ಸೋತಿರುತ್ತದೆ.

ರಾಸಾಯನಿಕವೊಂದು ನೀರಿಗೆ ಎಷ್ಟು ವಿಷಕಾರಿ ಎಂದು ತಿಳಿಯಲು ಮೂರು ಜೀವಿಗಳನ್ನು ಕೇಳುವುದು ಈಗಿನ ರೂಢಿ. ಮೀನಿನ ಮೇಲೆ 96 ಗಂಟೆ, ಸಿಗಡಿಯ ದೂರದ ನಂಟನಾದ ಡಾಫ್ನಿಯಾ ಎಂಬ ಪುಟ್ಟ ಜೀವಿಯ ಮೇಲೆ 48 ಗಂಟೆ, ಪಾಚಿಯ ಮೇಲೆ ಸಾಮಾನ್ಯವಾಗಿ 72 ಗಂಟೆ. ಮೂರರಲ್ಲಿ ಯಾವುದು ಅತಿ ಕಡಿಮೆ ಪ್ರಮಾಣಕ್ಕೆ ತತ್ತರಿಸುತ್ತದೋ ಅದರ ಅಂಕಿಯೇ ಅಂತಿಮ. ಅದು ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವಸ್ತು ಮೊದಲನೇ ದರ್ಜೆಯ ವಿಷ. 2007ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ‘ರೀಚ್’ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ವರ್ಷಕ್ಕೆ ಒಂದು ಟನ್ ತಯಾರಾಗುವ ವಸ್ತುವಿಗೂ ಅದು ಡಾಫ್ನಿಯಾ ಮತ್ತು ಪಾಚಿಯ ಪರೀಕ್ಷೆ ಕೇಳುತ್ತದೆ. ಮೀನಿನ ಸರದಿ ಬರುವುದು ಹತ್ತು ಟನ್ ದಾಟಿದ ಮೇಲೆ.

ಪಾಚಿಗೆ ಈ ಮರ್ಯಾದೆ ಏಕೆ? ಕೆರೆ, ನದಿ, ಸಮುದ್ರಗಳ ಅಡುಗೆಮನೆ ನಡೆಸುವುದು ಅದೇ. ಭೂಮಿಯ ಮೇಲೆ ದ್ಯುತಿಸಂಶ್ಲೇಷಣೆಯಿಂದ ಹುಟ್ಟುವ ಆಹಾರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ದುಡಿಮೆ. ಡಾಫ್ನಿಯಾ ಅದನ್ನು ತಿನ್ನುತ್ತದೆ, ಡಾಫ್ನಿಯಾವನ್ನು ಮರಿಮೀನು ತಿನ್ನುತ್ತದೆ. ಬುಡ ಸೊರಗಿದರೆ ಮೇಲಿನದು ಇಂದಲ್ಲ ನಾಳೆ ಸೊರಗಲೇಬೇಕು. ಆದರೆ ಮೀನು ಸತ್ತರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಪಾಚಿ ಸೊರಗಿದರೆ ನೀರು ಇನ್ನಷ್ಟು ತಿಳಿಯಾಗಿ ಕಂಡು, ನೋಡಿದವರಿಗೆ ಸಂತೋಷವೇ ಆಗಬಹುದು.

ನಾರ್ವೆ ನದಿಯ ಕುಡುಗೋಲು

ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಬಳಕೆಯಾಗುವ ಪಾಚಿಯ ಹೆಸರು ರಾಫಿಡೊಸೆಲಿಸ್ ಸಬ್‌ಕ್ಯಾಪಿಟಾಟಾ. ಹಳೆಯ ವರದಿಗಳಲ್ಲಿ ಇದೇ ಜೀವಿ ಸೆಲೆನಾಸ್ಟ್ರಮ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕುಡುಗೋಲಿನಂತೆ ಬಾಗಿದ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಉದ್ದದ ಒಂಟಿ ಕೋಶ. 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ಓಲಾವ್ ಸ್ಕುಲ್ಬರ್ಗ್ ಎಂಬ ವಿಜ್ಞಾನಿ ಇದನ್ನು ಬೇರ್ಪಡಿಸಿ ಬೆಳೆಸಿದರು. ಆ ಒಂದು ತಳಿಯ ಸಂತಾನವೇ ಇಂದು ದೇಶದೇಶಗಳ ಗಾಜಿನ ಫ್ಲಾಸ್ಕುಗಳಲ್ಲಿ ಬೆಳೆಯುತ್ತಿದೆ. ಬೇಗ ಬೆಳೆಯುತ್ತದೆ, ಕೋಶಗಳು ಒಂದಕ್ಕೊಂದು ಅಂಟಿ ಗಂಟಾಗುವುದಿಲ್ಲ, ಎಣಿಸಲು ಸುಲಭ. ಪ್ರಯೋಗಾಲಯಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಜೀವಿ ಸಿಗುವುದು ಕಷ್ಟ.

ಈ ಪಾಚಿ ಪರೀಕ್ಷೆಯ ಪೀಠ ಏರಿದ್ದು ವಿಷ ಅಳೆಯಲು ಅಲ್ಲ ಎಂಬುದು ಸ್ವಾರಸ್ಯ. 1960ರ ದಶಕದಲ್ಲಿ ಅಮೆರಿಕದ ಈರಿ ಸರೋವರ ಪಾಚಿಗಟ್ಟಿ ನಾರುತ್ತಿತ್ತು. ಬಟ್ಟೆ ಒಗೆಯುವ ಪುಡಿಗಳಲ್ಲಿದ್ದ ರಂಜಕವೇ ಅದಕ್ಕೆ ಗೊಬ್ಬರವಾಯಿತೆಂದು ಒಂದು ಪಕ್ಷ, ಅಲ್ಲವೆಂದು ಇನ್ನೊಂದು ಪಕ್ಷ. ಜಗಳ ಬಗೆಹರಿಸಲು ಎಲ್ಲರೂ ಒಪ್ಪುವ ಅಳತೆ ಬೇಕಿತ್ತು. ಸರ್ಕಾರ ಮತ್ತು ಉದ್ಯಮಗಳ ಜಂಟಿ ಕಾರ್ಯಪಡೆ 1969ರಲ್ಲಿ ತಾತ್ಕಾಲಿಕ ವಿಧಾನವೊಂದನ್ನು ರೂಪಿಸಿತು. 1971ರಲ್ಲಿ ಅದು ‘ಬಾಟಲಿ ಪರೀಕ್ಷೆ’ಯಾಗಿ ಅಧಿಕೃತವಾಯಿತು. ಸರೋವರದ ನೀರನ್ನು ಬಾಟಲಿಗೆ ತುಂಬಿ, ನಾರ್ವೆಯ ಪಾಚಿಯನ್ನು ಬಿಟ್ಟು, ಯಾವ ಪೋಷಕಾಂಶ ಸೇರಿಸಿದರೆ ಎಷ್ಟು ಬೆಳೆಯುತ್ತದೆ ಎಂದು ನೋಡುವುದು ಅದರ ಕೆಲಸ.

ಪಾಚಿ ಹೆಚ್ಚಾಗಲು ಕಾರಣವೇನು ಎಂದು ಕೇಳಿದ ಬಾಟಲಿಯನ್ನೇ, ಪಾಚಿ ಕುಂಠಿತವಾಗಲು ಎಷ್ಟು ವಿಷ ಸಾಕು ಎಂದು ಕೇಳಲೂ ಬಳಸಬಹುದಿತ್ತು. 1981ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, ತನ್ನ 201ನೇ ಪರೀಕ್ಷಾ ಮಾರ್ಗಸೂಚಿಯನ್ನು ಹೊರತಂದಿತು. 2006ರಲ್ಲಿ ಅದು ದೊಡ್ಡ ಪರಿಷ್ಕರಣೆ ಕಂಡಿತು. ಈಗ ಜಗತ್ತಿನ ಬಹುಪಾಲು ಪಾಚಿ ಪರೀಕ್ಷೆಗಳು ನಡೆಯುವುದು ಅದರಂತೆಯೇ.

ಮೂರು ದಿನದ ಪರೀಕ್ಷೆ

ವಿಧಾನ ಕೇಳಲು ಸರಳ. ಖನಿಜ ಲವಣಗಳನ್ನು ಕರಗಿಸಿದ ಶುದ್ಧ ನೀರಿಗೆ ಪಾಚಿಯನ್ನು ಬಿಡುತ್ತಾರೆ. ಪ್ರತಿ ಮಿಲಿಲೀಟರಿಗೆ ಐದರಿಂದ ಹತ್ತು ಸಾವಿರ ಕೋಶ. ಇಷ್ಟು ವಿರಳವಾಗಿದ್ದರೆ ನೀರು ಕಣ್ಣಿಗೆ ಹಸಿರಾಗಿಯೇ ಕಾಣುವುದಿಲ್ಲ. ಒಂದಷ್ಟು ಫ್ಲಾಸ್ಕುಗಳಿಗೆ ಏನನ್ನೂ ಸೇರಿಸುವುದಿಲ್ಲ. ಹೋಲಿಕೆಗೆ ಅವೇ ಆಧಾರ. ಉಳಿದವಕ್ಕೆ ರಾಸಾಯನಿಕವನ್ನು ಕನಿಷ್ಠ ಐದು ಮಟ್ಟಗಳಲ್ಲಿ ಏರಿಸುತ್ತ ಸೇರಿಸುತ್ತಾರೆ. ಒಂದು ಮಟ್ಟ ಹಿಂದಿನದರ 3.2 ಪಟ್ಟಿಗಿಂತ ಹೆಚ್ಚಾಗುವಂತಿಲ್ಲ, ಪ್ರತಿ ಮಟ್ಟಕ್ಕೂ ಮೂರು ಫ್ಲಾಸ್ಕು. ತಾಪಮಾನ 21ರಿಂದ 24 ಡಿಗ್ರಿ ಸೆಲ್ಸಿಯಸ್, ಹಗಲು ರಾತ್ರಿ ಆರದ ದೀಪ, ಕೋಶಗಳು ತಳ ಸೇರದಂತೆ ನಿಲ್ಲದ ಕುಲುಕಾಟ. ದಿನಕ್ಕೊಮ್ಮೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ, ರಕ್ತಕಣ ಎಣಿಸುವ ಗೆರೆಗಾಜಿನ ಮೇಲೆ ಕೋಶಗಳನ್ನು ಎಣಿಸುತ್ತಾರೆ. ಎಣಿಸುವ ಯಂತ್ರಗಳೂ, ಪತ್ರಹರಿತ್ತಿನ ಹೊಳಪನ್ನು ಅಳೆಯುವ ಯಂತ್ರಗಳೂ ಈಗ ಇವೆ.

ಮೊದಲು ಪರೀಕ್ಷೆಗೆ ಒಳಗಾಗುವುದು ಪ್ರಯೋಗಾಲಯವೇ. ವಿಷವಿಲ್ಲದ ಫ್ಲಾಸ್ಕಿನಲ್ಲಿ ಪಾಚಿ ಮೂರು ದಿನದಲ್ಲಿ ಕನಿಷ್ಠ 16 ಪಟ್ಟು ಬೆಳೆಯದಿದ್ದರೆ ಇಡೀ ಪ್ರಯೋಗ ರದ್ದು. ಆ ಫ್ಲಾಸ್ಕುಗಳು ಒಂದರಂತೆ ಒಂದು ಬೆಳೆಯದೆ ನಿಗದಿತ ಮಿತಿ ಮೀರಿ ವ್ಯತ್ಯಾಸ ತೋರಿದರೂ ರದ್ದು. ಸುಖವಾಗಿ ಬೆಳೆಯಲಾಗದ ಪಾಚಿಯ ದೂರನ್ನು ಯಾರೂ ಕೇಳುವುದಿಲ್ಲ.

ಮೂರು ದಿನ ಎಂದರೆ ಮೀನಿಗೆ ಅಲ್ಪಕಾಲ. ಪಾಚಿಗೆ ಅದು ಹಲವು ತಲೆಮಾರು. ಆದ್ದರಿಂದ ಇದೊಂದೇ ಪರೀಕ್ಷೆಯಿಂದ ಎರಡು ಉತ್ತರ ಸಿಗುತ್ತವೆ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ ತತ್‌ಕ್ಷಣದ ವಿಷತ್ವಕ್ಕೆ ಅಳತೆ. ಎದ್ದುಕಾಣುವ ಪರಿಣಾಮವನ್ನೇ ತೋರದ ಪ್ರಮಾಣ ದೀರ್ಘಕಾಲದ ವಿಷತ್ವಕ್ಕೆ ಅಳತೆ.

ಅರ್ಧ ಎಂದರೆ ಎಷ್ಟು?

ಇಲ್ಲಿ ಒಂದು ತೊಡಕಿದೆ, ತಜ್ಞರು ದಶಕಗಳ ಕಾಲ ವಾದಿಸಿದ ತೊಡಕು. ಪಾಚಿಯ ಬೆಳವಣಿಗೆ ಚಕ್ರಬಡ್ಡಿಯಂತೆ. ಬೆಳೆದದ್ದೂ ಮತ್ತೆ ಬೆಳೆಯುತ್ತದೆ. ಒಂದು ಕೋಶ ದಿನಕ್ಕೆ ಎರಡು ಸಲ ಇಮ್ಮಡಿಯಾಗುತ್ತದೆ ಎಂದುಕೊಳ್ಳೋಣ. ಮೂರು ದಿನಕ್ಕೆ ಆರು ಇಮ್ಮಡಿ. ಹತ್ತು ಸಾವಿರ ಕೋಶ 64 ಪಟ್ಟಾಗಿ 6,40,000 ಆಗುತ್ತದೆ. ಪಕ್ಕದ ಫ್ಲಾಸ್ಕಿನಲ್ಲಿ ವಿಷ ಈ ವೇಗವನ್ನು ಸರಿಯಾಗಿ ಅರ್ಧಕ್ಕೆ ಇಳಿಸಿದೆ. ಅಲ್ಲಿ ಮೂರು ದಿನಕ್ಕೆ ಮೂರೇ ಇಮ್ಮಡಿ. ಹತ್ತು ಸಾವಿರ 80,000 ಆಗಿ ನಿಲ್ಲುತ್ತದೆ. ವೇಗ ನೋಡಿದವರು ‘50 ಶೇಕಡಾ ಹಾನಿ’ ಎನ್ನುತ್ತಾರೆ. ಕೊನೆಯಲ್ಲಿ ಉಳಿದ ಪಾಚಿಯನ್ನು ನೋಡಿದವರು ‘87.5 ಶೇಕಡಾ ಹಾನಿ’ ಎನ್ನುತ್ತಾರೆ. ಫ್ಲಾಸ್ಕು ಅದೇ, ಎಣಿಕೆ ಅದೇ.

ಇನ್ನೊಂದು ದಿನ ಕಾದರೆ 256 ಪಟ್ಟಿನೆದುರು 16 ಪಟ್ಟು; ಎರಡನೆಯವರ ಲೆಕ್ಕದಲ್ಲಿ ಹಾನಿ 94 ಶೇಕಡಾ ಸಮೀಪಿಸುತ್ತದೆ, ಮೊದಲನೆಯವರದು 50ರಲ್ಲೇ ನಿಂತಿರುತ್ತದೆ. ಎಷ್ಟು ದಿನ ಕಾದೆವು ಎಂಬುದರ ಮೇಲೆ ಅಂಕಿ ಬದಲಾಗಬಾರದು ಎಂಬ ಕಾರಣಕ್ಕೆ 2006ರ ಪರಿಷ್ಕರಣೆ ಬೆಳವಣಿಗೆಯ ವೇಗವನ್ನೇ ವೈಜ್ಞಾನಿಕವಾಗಿ ಮೇಲೆಂದು ಒಪ್ಪಿತು. ಕೆಲವು ದೇಶಗಳ ನಿಯಮಗಳಿಗೆ ಬೇಕಾಗುತ್ತದೆಂದು ಎರಡನೆಯ ಲೆಕ್ಕವನ್ನೂ ಉಳಿಸಿಕೊಂಡಿತು. ಕೊನೆಯ ಪಾಚಿ ಅರ್ಧವಾಗಲು ವೇಗ ಆರನೇ ಒಂದು ಭಾಗದಷ್ಟು ಕುಗ್ಗಿದರೂ ಸಾಕಾದ್ದರಿಂದ, ಎರಡನೆಯ ಲೆಕ್ಕದಲ್ಲಿ ಅದೇ ವಸ್ತು ಹೆಚ್ಚು ವಿಷಕಾರಿಯಾಗಿ ಕಾಣುತ್ತದೆ. ಎರಡು ವರದಿಗಳನ್ನು ಹೋಲಿಸುವವರು ಯಾವ ‘ಅರ್ಧ’ ಎಂದು ಮೊದಲು ಕೇಳಬೇಕಾಗುವುದು ಇದಕ್ಕೇ.

ಸಿಕ್ಕ ಅಂಕಿಯನ್ನು ಯಾರೂ ಹಾಗೆಯೇ ನದಿಗೆ ಅನ್ವಯಿಸುವುದಿಲ್ಲ. ಮೂರು ಜೀವಿಗಳ ಅಲ್ಪಕಾಲದ ಪರೀಕ್ಷೆ ಮಾತ್ರ ಕೈಯಲ್ಲಿದ್ದರೆ, ಅತಿ ಕಡಿಮೆ ಅಂಕಿಯನ್ನು ಒಂದು ಸಾವಿರದಿಂದ ಭಾಗಿಸಿ ಸುರಕ್ಷಿತ ಮಟ್ಟವನ್ನು ಅಂದಾಜಿಸುವುದು ಯುರೋಪಿನ ಕ್ರಮ. ದೀರ್ಘಕಾಲದ ಪರೀಕ್ಷೆಗಳು ಸೇರುತ್ತ ಹೋದಂತೆ ಆ ಸಾವಿರ ನೂರಕ್ಕೆ, ಐವತ್ತಕ್ಕೆ, ಕೊನೆಗೆ ಹತ್ತಕ್ಕೆ ಇಳಿಯುತ್ತದೆ. ತಿಳಿವಳಿಕೆ ಕಡಿಮೆಯಿದ್ದಷ್ಟೂ ಎಚ್ಚರ ಹೆಚ್ಚು.

ಏಟು ಬೀಳುವುದು ಎಲ್ಲಿ?

ಪ್ರಾಣಿಗಳಿಗೆ ಮೆತ್ತಗಿರುವ ಎಷ್ಟೋ ವಸ್ತುಗಳು ಪಾಚಿಯ ಮೇಲೆ ಮುಗಿಬೀಳುತ್ತವೆ. ಹೆಚ್ಚು ಪರಿಚಿತವಾದವು ಅಟ್ರಜೀನ್, ಡಯುರಾನ್‌ನಂಥ ಕಳೆನಾಶಕಗಳು. ಬೆಳಕಿನ ಶಕ್ತಿಯನ್ನು ಮುಂದೆ ದಾಟಿಸುವ ಪ್ರೋಟೀನೊಂದಕ್ಕೆ ಅಂಟಿಕೊಂಡು ಅವು ದ್ಯುತಿಸಂಶ್ಲೇಷಣೆಯ ಸರಪಳಿಯನ್ನು ಕಡಿಯುತ್ತವೆ. ಹೊಲದ ಕಳೆಗೂ ನದಿಯ ಪಾಚಿಗೂ ಆ ಪ್ರೋಟೀನು ಒಂದೇ ಬಗೆಯದು. ಮೀನಿಗೆ ಅದು ಇಲ್ಲವೇ ಇಲ್ಲ.

ಟ್ರೈಕ್ಲೋಸಾನ್‌ನ ಕತೆ ಇನ್ನೂ ಕುತೂಹಲಕರ. ‘ರೋಗಾಣು ಕೊಲ್ಲುವ’ ಸೋಪುಗಳಲ್ಲಿ, ಟೂತ್‌ಪೇಸ್ಟಿನಲ್ಲಿ ಬಹುಕಾಲ ಮೆರೆದ ವಸ್ತು ಇದು. ಬ್ಯಾಕ್ಟೀರಿಯಾ ಕೊಬ್ಬಿನಾಮ್ಲ ತಯಾರಿಸಲು ಬಳಸುವ ಕಿಣ್ವವೊಂದನ್ನು ಇದು ತಡೆಯುತ್ತದೆ. ಪಾಚಿ ಬ್ಯಾಕ್ಟೀರಿಯಾ ಅಲ್ಲವಲ್ಲ, ಅದಕ್ಕೇಕೆ ತೊಂದರೆ? ಹಸಿರು ಕೋಶದೊಳಗಿನ ಹರಿತ್ತುಕಣ ಕೋಟ್ಯಂತರ ವರ್ಷಗಳ ಹಿಂದೆ ಇನ್ನೊಂದು ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾದ ವಂಶದ್ದು. ಕೊಬ್ಬಿನಾಮ್ಲ ತಯಾರಿಸುವ ಹಳೆಯ ಪದ್ಧತಿಯನ್ನು ಅದು ಇಂದಿಗೂ ಬಿಟ್ಟಿಲ್ಲ. ಬಚ್ಚಲಿನ ರೋಗಾಣುವಿಗೆಂದು ಹೂಡಿದ ಬಾಣ ಮೋರಿಯ ಮೂಲಕ ಹೋಗಿ ಆ ಪುರಾತನ ನೆಂಟನಿಗೂ ತಗಲುತ್ತದೆ. ಸೂಕ್ಷ್ಮ ತಳಿಯ ಪಾಚಿಗಳು ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಟ್ರೈಕ್ಲೋಸಾನ್‌ಗೇ ಸೊರಗುತ್ತವೆ. ಅಷ್ಟು ಎಂದರೆ ಹತ್ತು ಲಕ್ಷ ಲೀಟರ್ ನೀರಿಗೆ ಒಂದೆರಡು ಗ್ರಾಂ. ಮನೆಬಳಕೆಯ ಸೋಪುಗಳಲ್ಲಿ ಅದನ್ನು ಬಳಸದಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ತಡೆದದ್ದು ಮುಖ್ಯವಾಗಿ ಬೇರೆ ಕಾರಣಕ್ಕೆ: ಬರೀ ಸೋಪು ನೀರಿಗಿಂತ ಅದು ಮೇಲೆಂದು ತಯಾರಕರು ತೋರಿಸಿಕೊಡಲಿಲ್ಲ.

ಎಲ್ಲ ಪಾಚಿಗಳೂ ಒಂದೇ ಅಲ್ಲ ಎಂಬುದನ್ನು ಪ್ರತಿಜೈವಿಕ ಔಷಧಗಳು ಕಲಿಸಿದವು. ಸಿಪ್ರೊಫ್ಲಾಕ್ಸಾಸಿನ್‌ಗೆ ನಾರ್ವೆಯ ಹಸಿರು ಪಾಚಿ ಅಷ್ಟಾಗಿ ಜಗ್ಗುವುದಿಲ್ಲ. ನಿಜದಲ್ಲಿ ಬ್ಯಾಕ್ಟೀರಿಯಾವೇ ಆಗಿರುವ ನೀಲಿಹಸಿರು ಪಾಚಿ ನೂರಾರು ಪಟ್ಟು ಕಡಿಮೆ ಪ್ರಮಾಣಕ್ಕೇ ಕುಸಿಯುತ್ತದೆ. ಹಾಗಾಗಿ ಇಂಥ ಔಷಧಗಳನ್ನು ನೀಲಿಹಸಿರು ಪಾಚಿಯ ಮೇಲೆ ಪರೀಕ್ಷಿಸಬೇಕೆಂದು ಯುರೋಪಿನ ಔಷಧ ಸಂಸ್ಥೆ ಹೇಳುತ್ತದೆ.

ಪರೀಕ್ಷೆಯೇ ಮೋಸಹೋಗುವಾಗ

ಫ್ಲಾಸ್ಕಿನಲ್ಲಿ ಪಾಚಿ ಬೆಳೆಯಲಿಲ್ಲ ಎಂದ ಮಾತ್ರಕ್ಕೆ ವಿಷ ತಗಲಿತು ಎಂದಲ್ಲ. ಬಟ್ಟೆಗೆ ಹಾಕುವ ಗಾಢ ಬಣ್ಣವನ್ನು ಪರೀಕ್ಷಿಸುವಾಗ ಬಣ್ಣವೇ ಬೆಳಕನ್ನು ನುಂಗಿಬಿಡುತ್ತದೆ; ಪಾಚಿ ನೆರಳಿನಲ್ಲಿ ಸೊರಗುತ್ತದೆ. ಇದನ್ನು ಬಿಡಿಸಿ ನೋಡಲು ಒಂದು ಜಾಣ ಉಪಾಯವಿದೆ. ಬಣ್ಣದ ನೀರನ್ನು ಪಾಚಿಯೊಂದಿಗೆ ಬೆರೆಸದೆ ದೀಪಕ್ಕೂ ಫ್ಲಾಸ್ಕಿಗೂ ನಡುವೆ ಬೇರೆ ಪಾತ್ರೆಯಲ್ಲಿ ಇಡುತ್ತಾರೆ. ಆಗಲೂ ಪಾಚಿ ಅಷ್ಟೇ ಸೊರಗಿದರೆ ತಪ್ಪು ನೆರಳಿನದು, ವಿಷದ್ದಲ್ಲ.

ಲೋಹಗಳದ್ದು ಇನ್ನೊಂದು ಆಟ. ಮಾಧ್ಯಮದಲ್ಲಿ ಕಬ್ಬಿಣ ಕರಗಿರಲೆಂದು ಇಡಿಟಿಎ ಎಂಬ ವಸ್ತುವನ್ನು ಹಾಕಿರುತ್ತಾರೆ. ಅದು ತಾಮ್ರ, ಸತುವನ್ನೂ ಹಿಡಿದಿಟ್ಟು ಅವುಗಳ ವಿಷವನ್ನು ಮರೆಮಾಚುತ್ತದೆ. ಇಡಿಟಿಎಯನ್ನೇ ಪರೀಕ್ಷೆಗಿಟ್ಟರೆ ತಿರುಗುಮುರುಗು: ಪಾಚಿಗೆ ಬೇಕಾದ ಲೋಹದ ಚೂರುಪಾರನ್ನೂ ಅದು ಕಸಿದುಕೊಳ್ಳುವುದರಿಂದ ಪಾಚಿ ಹಸಿವಿನಿಂದ ನಿಲ್ಲುತ್ತದೆ, ನೋಡುವವರಿಗೆ ವಿಷದಂತೆ ಕಾಣುತ್ತದೆ. ಆವಿಯಾಗುವ ದ್ರಾವಕಗಳು ತೆರೆದ ಫ್ಲಾಸ್ಕಿನಿಂದ ಹಾರಿಹೋಗುತ್ತವೆ. ಬಿರಡೆ ಬಿಗಿದರೆ ಪಾಚಿಗೆ ಇಂಗಾಲದ ಡೈಆಕ್ಸೈಡ್ ಸಿಗದು. ಪಾಚಿ ಬೆಳೆದಂತೆ ನೀರಿನ ಪಿಎಚ್ ಏರಿ ರಾಸಾಯನಿಕದ ಗುಣವೇ ಬದಲಾಗಬಹುದೆಂದು ಆ ಏರಿಕೆಗೂ 1.5ರ ಮಿತಿ ಹಾಕಿದ್ದಾರೆ. ವರದಿಯ ಕೊನೆಯ ಪುಟದ ಒಂದು ಅಂಕಿಯ ಹಿಂದೆ ಇಷ್ಟೆಲ್ಲ ಜಾಗ್ರತೆ ಇರುತ್ತದೆ.

ಹಡಗಿನ ಬಣ್ಣ ಕಲಿಸಿದ ಪಾಠ

ಪ್ರಯೋಗಾಲಯದ ಅಂಕಿ ನಿಜವಾದ ನೀರಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಸೈಬುಟ್ರಿನ್ ಒಳ್ಳೆಯ ಉದಾಹರಣೆ. ಹಡಗಿನ ತಳಕ್ಕೆ ಚಿಪ್ಪುಜೀವಿ, ಪಾಚಿ ಅಂಟಿದರೆ ಇಂಧನ ಪೋಲು. ಅದನ್ನು ತಡೆಯಲು ಬಣ್ಣಕ್ಕೆ ಬೆರೆಸುತ್ತಿದ್ದ ಟ್ರೈಬ್ಯುಟೈಲ್ ಟಿನ್ ಸಿಂಪಿಗಳನ್ನು ವಿರೂಪಗೊಳಿಸುತ್ತದೆಂದು ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ನಿಷೇಧಿಸಿತು. ಆಮೇಲೆ ತಾಮ್ರದ ಬಣ್ಣ ಬಂತು. ತಾಮ್ರ ತಾಳಿಕೊಳ್ಳುವ ಪಾಚಿಗಳನ್ನು ಹತ್ತಿಕ್ಕಲು ಅದರೊಂದಿಗೆ ಇರ್ಗರಾಲ್ ಎಂಬ ಮಾರಾಟದ ಹೆಸರಿನ ಸೈಬುಟ್ರಿನ್ ಬಂತು. ಅಟ್ರಜೀನ್‌ನ ಕುಲದ್ದೇ, ದ್ಯುತಿಸಂಶ್ಲೇಷಣೆಯೇ ಅದರ ಗುರಿ.

1993ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ದೋಣಿ ತಂಗುದಾಣಗಳಲ್ಲಿ ಅದು ಲೀಟರಿಗೆ 1.7 ಮೈಕ್ರೋಗ್ರಾಂವರೆಗೆ ಸಿಕ್ಕಿದ ವರದಿ ಪ್ರಕಟವಾಯಿತು. ಅಷ್ಟೇನಾ ಎನಿಸಬಹುದು, ಆದರೆ ಹಲವು ಪಾಚಿಗಳ ಬೆಳವಣಿಗೆ ಅರ್ಧವಾಗುವುದು ಆ ಆಸುಪಾಸಿನಲ್ಲೇ. ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಹಾನ್ಸ್ ಬ್ಲಾಂಕ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ದೋಣಿ ತಂಗುದಾಣವೊಂದರ ಸುತ್ತ ನೀರಿನಲ್ಲಿ ಗಾಜಿನ ತುಂಡುಗಳನ್ನಿಟ್ಟು, ಅವುಗಳ ಮೇಲೆ ತಾನಾಗಿ ಬೆಳೆದ ಪಾಚಿ ಸಮುದಾಯಗಳು ಸೈಬುಟ್ರಿನ್ ಅನ್ನು ಎಷ್ಟು ತಾಳುತ್ತವೆ ಎಂದು ಅಳೆದರು. 1994ರಿಂದ 2004ರ ನಡುವೆ ಆ ತಾಳಿಕೆ ಏರುತ್ತ ಹೋಯಿತು. ಇದು ಸಂತೋಷದ ಸುದ್ದಿಯಲ್ಲ. ಸೂಕ್ಷ್ಮ ತಳಿಗಳು ಜಾಗ ಖಾಲಿಮಾಡಿ ಗಟ್ಟಿ ತಳಿಗಳು ಉಳಿದವು ಎಂದು ಅದರ ಅರ್ಥ. ಗಾಜು ಹಸಿರಾಗಿಯೇ ಇತ್ತು, ಹಸಿರಿನ ಒಳಗಿದ್ದವರು ಬದಲಾಗಿದ್ದರು.

ಐರೋಪ್ಯ ಒಕ್ಕೂಟ 2016ರಲ್ಲಿ ಈ ಬಳಕೆಗೆ ಅನುಮತಿ ನಿರಾಕರಿಸಿತು. ಅಂತರರಾಷ್ಟ್ರೀಯ ಕಡಲಯಾನ ಸಂಘಟನೆ 2021ರಲ್ಲಿ ನಿರ್ಧರಿಸಿ, 2023ರ ಜನವರಿ 1ರಿಂದ ಹಡಗುಗಳಿಗೆ ಸೈಬುಟ್ರಿನ್ ಬಳಿಯುವುದನ್ನು ನಿಷೇಧಿಸಿತು. ಮೊದಲ ವರದಿಯಿಂದ ನಿಷೇಧಕ್ಕೆ ಮೂವತ್ತು ವರ್ಷ.

ನಮ್ಮ ಕಾಲುವೆಗೆ ಯಾವ ಪರೀಕ್ಷೆ?

ಭಾರತದಲ್ಲಿ ಕಾರ್ಖಾನೆಯ ತ್ಯಾಜ್ಯನೀರಿಗೆ 1986ರ ಪರಿಸರ (ಸಂರಕ್ಷಣೆ) ನಿಯಮಗಳು ಅನ್ವಯಿಸುತ್ತವೆ. ಆರನೇ ಅನುಸೂಚಿಯ ಸಾಮಾನ್ಯ ಮಾನದಂಡಗಳಲ್ಲಿ ಜೀವಪರೀಕ್ಷೆಯ ಒಂದು ಸಾಲಿದೆ: ಬೆರಕೆಯಿಲ್ಲದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ನಂತರ ಶೇ 90ರಷ್ಟು ಮೀನು ಬದುಕಿರಬೇಕು. ನಿಯಮ ಮೃದುವೇನಲ್ಲ, ತ್ಯಾಜ್ಯವನ್ನು ತೆಳುಗೊಳಿಸದೆಯೇ ಮೀನನ್ನು ಬಿಡಬೇಕು. ಆದರೆ ಆ ಸಾಲಿನಲ್ಲಿ ಪಾಚಿಗೆ ಜಾಗವಿಲ್ಲ.

ಇದರಿಂದ ಏನು ತಪ್ಪಿಹೋಗಬಹುದು ಎಂಬುದಕ್ಕೆ ಹೈದರಾಬಾದ್ ಸಮೀಪದ ಪಟಾನ್‌ಚೆರು ಸಾಕ್ಷಿ. ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿದ್ದ ಅಲ್ಲಿನ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದೆ ಎಂದು ಸ್ವೀಡನ್ನಿನ ಯೋಕಿಮ್ ಲಾರ್ಸನ್ ಅವರ ತಂಡ 2007ರಲ್ಲಿ ಪ್ರಕಟಿಸಿತು. ಲೀಟರಿಗೆ 100 ಮಿಲಿಗ್ರಾಂ ಸಿಪ್ರೊಫ್ಲಾಕ್ಸಾಸಿನ್‌ನಲ್ಲಿ ಜೀಬ್ರಾ ಮೀನು ಬದುಕುಳಿದದ್ದನ್ನು ಪ್ರಯೋಗಗಳು ತೋರಿಸಿವೆ. ನೀಲಿಹಸಿರು ಪಾಚಿಗೆ ಅದರ ಸಾವಿರದಲ್ಲೊಂದು ಭಾಗವೂ ಬೇಕಿಲ್ಲ. ಈ ಒಂದು ವಸ್ತುವಿನ ಮಟ್ಟಿಗೆ ಹೇಳುವುದಾದರೆ ಮೀನನ್ನು ಮಾತ್ರ ಕೇಳುವ ನಿಯಮಕ್ಕೆ ಏನೂ ಕಾಣಿಸುತ್ತಿರಲಿಲ್ಲ.

‘ನಮ್ಮ ಕೆರೆಗಳಲ್ಲಿ ಪಾಚಿ ಕಡಿಮೆಯೇ? ಹಸಿರುಗಟ್ಟಿ ನಾರುತ್ತಿಲ್ಲವೇ?’ ಎಂದು ಬೆಂಗಳೂರಿನವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಗರದ ಕೊಳಚೆಯಲ್ಲಿ ರಂಜಕ, ಸಾರಜನಕ ಧಾರಾಳವಾಗಿ ಬರುತ್ತವೆ. ಆ ಗೊಬ್ಬರದ ಬಲದಲ್ಲಿ ವಿಷ ತಾಳುವ ತಳಿಗಳು ಉಕ್ಕಿ ಬೆಳೆದು ವಿಷದ ಪರಿಣಾಮವನ್ನು ಮುಚ್ಚಿಬಿಡಬಲ್ಲವು. ತ್ಯಾಜ್ಯನೀರನ್ನು ಪರೀಕ್ಷಿಸುವ ಪ್ರಯೋಗಾಲಯಗಳು ಈ ಮರೆಯನ್ನು ಸರಿಸಲೆಂದೇ ಹೋಲಿಕೆಯ ಫ್ಲಾಸ್ಕಿಗೂ ಸಾಕಷ್ಟು ಪೋಷಕಾಂಶ ಕೊಡುತ್ತವೆ. ಕೆರೆಯ ದಡದಲ್ಲಿ ನಿಂತವರ ಕಣ್ಣಿಗೆ ಆ ಸೌಲಭ್ಯವಿಲ್ಲ.

ಒಂದು ತಳಿಯ ಪಾಚಿ, ಒಂದು ಫ್ಲಾಸ್ಕು, ಮೂರು ದಿನ: ಇದು ಕೆರೆಯೊಂದರ ಬದುಕಿಗೆ ಸಮವಲ್ಲ. ಒಂದೊಂದಾಗಿ ನೋಡಿದಾಗ ನಿರಪಾಯವೆನಿಸುವ ಮಟ್ಟದ ಹದಿನೆಂಟು ಕಳೆನಾಶಕಗಳನ್ನು ಜರ್ಮನಿಯ ಬ್ರೆಮೆನ್‌ನ ಸಂಶೋಧಕರು ಬೆರೆಸಿದಾಗ ಪಾಚಿ ಎದ್ದುಕಾಣುವಷ್ಟು ಕುಂಠಿತವಾಯಿತು. ಕಾಲುವೆಯಲ್ಲಿ ಹರಿಯುವುದು ಯಾವತ್ತೂ ಬೆರಕೆಯೇ. ಜರ್ಮನಿಯ ತ್ಯಾಜ್ಯನೀರಿನ ಕಾನೂನು ಆ ಬೆರಕೆಯನ್ನು ಹಾಗೆಯೇ ತೆಗೆದುಕೊಂಡು ಮೀನಿನ ಮೊಟ್ಟೆ, ಡಾಫ್ನಿಯಾ, ಪಾಚಿ, ಬೆಳಕು ಸೂಸುವ ಬ್ಯಾಕ್ಟೀರಿಯಾಗಳ ಮುಂದಿಡುತ್ತದೆ. ಎಷ್ಟು ಪಟ್ಟು ತೆಳುಗೊಳಿಸಿದರೆ ಅವು ಸುಮ್ಮನಿರುತ್ತವೆ ಎಂಬುದೇ ಅಲ್ಲಿ ಅಳತೆ. ಒಳಗೆ ಯಾವ ರಾಸಾಯನಿಕವಿದೆ ಎಂದು ಮೊದಲೇ ಗೊತ್ತಿರಬೇಕಿಲ್ಲ.

ನಮಗೆ ಈ ವಿದ್ಯೆ ಹೊಸದಲ್ಲ. 2011ರ ಮಾರ್ಚ್‌ನಿಂದ ಭಾರತ ಒಇಸಿಡಿಯ ಪರಸ್ಪರ ದತ್ತಾಂಶ ಸ್ವೀಕಾರ ವ್ಯವಸ್ಥೆಯ ಪೂರ್ಣ ಪಾಲುದಾರ. ಇಲ್ಲಿ ಸರಿಯಾಗಿ ನಡೆದ ಪರೀಕ್ಷೆಯನ್ನು ಯುರೋಪು ಒಪ್ಪಿಕೊಳ್ಳುತ್ತದೆ. ಬೆಂಗಳೂರಿನ ಖಾಸಗಿ ಪ್ರಯೋಗಾಲಯಗಳೂ ಹೊರದೇಶಗಳ ನೋಂದಣಿಗೆ ಬೇಕಾದ ಪಾಚಿ ಪರೀಕ್ಷೆಗಳನ್ನು ಮಾಡಿಕೊಡುತ್ತಿವೆ. ರಾಸಾಯನಿಕವೊಂದು ಯುರೋಪಿನ ಹೊಳೆಯ ಪಾಚಿಗೆ ಹಾನಿ ಮಾಡುತ್ತದೆಯೇ ಎಂದು ಇದೇ ಊರಿನಲ್ಲಿ ಅಳೆಯಬಹುದು. ಆರನೇ ಅನುಸೂಚಿಯ ಮೀನಿನ ಸಾಲಿನ ಕೆಳಗೆ ಪಾಚಿಗೂ ಒಂದು ಸಾಲು ಬಂದರೆ, ಅದೇ ಅಳತೆ ಈ ಊರಿನ ಕಾಲುವೆಗಳ ನೀರಿಗೂ ದಕ್ಕುತ್ತದೆ.